ಮಕ್ಕಳ ಡಾಕ್ಟರ್ ಓದೋದು ಮೈಸೂರಲ್ಲಿ, ತಾಲ್ಲೂಕಿಗೆ ಬರೋರು ಯಾಕಿಲ್ಲ?

ಮೈಸೂರು: ರಾತ್ರಿ ಹನ್ನೊಂದು ಗಂಟೆಗೆ ಮಗುವಿಗೆ ಜ್ವರ ಏರಿ ಫಿಟ್ಸ್ ಬಂತು ಅಂದ್ರೆ ಎಚ್.ಡಿ. ಕೋಟೆ, ಸರಗೂರು, ಪಿರಿಯಾಪಟ್ಟಣದ ಎಷ್ಟೋ ಜನ ಗಾಡಿ ಹುಡುಕಿ ಚೆಲುವಾಂಬ ಆಸ್ಪತ್ರೆ ದಾರಿ ಹಿಡೀತಾರೆ. ಕೋಟೆಯಿಂದಲೇ ಸುಮಾರು 50 ಕಿ.ಮೀ. ನಮ್ಮ ಅಕ್ಕನ ಮಗುವಿಗೂ ಹೀಗೇ ಆಗಿತ್ತು. ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರ್ ರಜೆ ಅಂತ ಚೀಟಿ ಬರೆದು ಮೈಸೂರಿಗೆ ಕಳಿಸಿದ್ರು. ಅವತ್ತು ನಾನೂ ಬೈದಿದ್ದೆ.

ಆಮೇಲೆ ಯೋಚನೆ ಮಾಡಿದೆ. ಮೈಸೂರಲ್ಲಿ ಕಲಿಸೋ ಜಾಗಕ್ಕೇನೂ ಬರ ಇಲ್ಲ. 1924ರಲ್ಲಿ ಶುರುವಾದ ಮೈಸೂರು ಮೆಡಿಕಲ್ ಕಾಲೇಜಿನಲ್ಲೂ, ಜೆಎಸ್‌ಎಸ್‌ನಲ್ಲೂ ಮಕ್ಕಳ ವಿಭಾಗದ ಎಂ.ಡಿ. ಇದೆ. ಅಲ್ಲಿ ಓದೋರ ಲೆಕ್ಕ ನೋಡಿ. 18ಕ್ಕೆ ಸೇರಿದ್ರೆ ಎಂಬಿಬಿಎಸ್ ಐದೂವರೆ ವರ್ಷ, ಎಂ.ಡಿ. ಮೂರು ವರ್ಷ. ನವಜಾತ ಶಿಶು ವಿಭಾಗದಲ್ಲಿ ಡಿ.ಎಂ. ಮಾಡ್ಬೇಕು ಅಂದ್ರೆ ಇನ್ನೂ ಮೂರು. ಒಂದು ಪ್ರವೇಶ ಪರೀಕ್ಷೆನೂ ಕೈಕೊಡದೆ ಇದ್ರೂ ಮೂವತ್ತು ಹತ್ತಿರ! ಖಾಸಗಿ ಸೀಟಾದ್ರೆ ಲಕ್ಷಗಟ್ಟಲೆ ಸಾಲ ಬೇರೆ. ಮಕ್ಕಳ ಡಾಕ್ಟರಿಗೆ ಸರ್ಜನ್ ಥರ ಆಪರೇಷನ್ ಆದಾಯ ಇಲ್ಲ, ಕನ್ಸಲ್ಟೇಷನ್ ಮತ್ತೆ ಲಸಿಕೆ ಮೇಲೇ ಕ್ಲಿನಿಕ್ ನಡೀಬೇಕು. ಹಾಗಾಗಿ ಸಿಟಿ ಕಡೆ, ದೊಡ್ಡ ಆಸ್ಪತ್ರೆಯ ಎನ್‌ಐಸಿಯು ಕಡೆ ಮನಸ್ಸು ಹೋಗೋದು ಸಹಜ.

ಆದ್ರೆ ದುಡ್ಡೊಂದೇ ಕಾರಣ ಅಂದ್ರೆ ನಾನು ಒಪ್ಪಲ್ಲ. ಸಮುದಾಯ ಆರೋಗ್ಯ ಕೇಂದ್ರಕ್ಕೆ ಸರ್ಕಾರಿ ಮಾನದಂಡದಲ್ಲೇ ಇರೋದು ಒಬ್ಬರು ಮಕ್ಕಳ ತಜ್ಞರು. ಹಗಲು ಓಪಿಡಿ, ರಾತ್ರಿ ಸಿಸೇರಿಯನ್‌ನಲ್ಲಿ ಹುಟ್ಟಿದ ಮಗು ಅಳಲಿಲ್ಲ ಅಂದ್ರೆ ಓಡಿ ಬರೋದೂ ಅವರೇ. ರಜೆ ಹಾಕಿದ ದಿನ ವಾರ್ಡ್ ಖಾಲಿ. ತರಬೇತಿ ಪಡೆದ ನರ್ಸ್ ಇಲ್ಲದೆ ವಾರ್ಮರ್ ಒಂದಿದ್ದು ಏನು ಪ್ರಯೋಜನ? ಮಗುವಿಗೆ ಹೆಚ್ಚುಕಮ್ಮಿ ಆದ್ರೆ ಗೇಟಿನ ಮುಂದೆ ಜನ ಸೇರಿ ಹಿಡಿದುಕೊಳ್ಳೋದೂ ಆ ಒಬ್ಬರನ್ನೇ. ಇಂಥ ಜಾಗಕ್ಕೆ 27ರ ವಯಸ್ಸಿನ ಹುಡುಗಿ ಒಬ್ಬಳೇ ಬರಲಿ ಅನ್ನೋದು ಹೇಗೆ?

ಕಡ್ಡಾಯ ಸೇವೆಗೆ 2012ರ ಕಾನೂನು ಇದೆ. ಓದು ಮುಗಿದ ಮೇಲೆ ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕು ಅಂತ ತಂದಿದ್ದು. 2023ರ ತಿದ್ದುಪಡಿ ಆದ್ಮೇಲೆ ಖಾಲಿ ಹುದ್ದೆ ಇದ್ರೆ ಮಾತ್ರ ಕರೀತಾರೆ. ಬಂದೋರೂ ಒಂದು ವರ್ಷಕ್ಕೆ ಹೊರಟ್ರು ಅಂದ್ರೆ, ತಾಯಂದಿರಿಗೆ ಡಾಕ್ಟರ್ ಹೆಸರು ಬಾಯಿಗೆ ಬರೋ ಹೊತ್ತಿಗೆ ಬೋರ್ಡ್ ಬದಲಾಗಿರುತ್ತೆ.

ಹಾಗಂತ ಯಾರೂ ಬಂದೇ ಇಲ್ಲ ಅಂತಲ್ಲ. 1984ರಲ್ಲಿ ಇದೇ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು, ಆರ್. ಬಾಲಸುಬ್ರಹ್ಮಣ್ಯಂ ಮುಂದಾಳತ್ವದಲ್ಲಿ, ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದ್ರು. ಕೋಟೆ ಕಾಡಂಚಿನ ಹಾಡಿಗಳಲ್ಲಿ ಕೆಲಸ ಶುರು ಮಾಡಿದ್ರು, ಸರಗೂರಲ್ಲಿ ಅವರ ಆಸ್ಪತ್ರೆ ಈಗಲೂ ಇದೆ. ಗಮನಿಸಿ, ಅವರು ಒಬ್ಬೊಬ್ಬರಾಗಿ ಬರಲಿಲ್ಲ, ಗುಂಪಾಗಿ ಬಂದ್ರು.

ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಎಮ್ಮೆಲ್ಲೆನೇ ಅಧ್ಯಕ್ಷರು. ಮುಂದಿನ ಸಲ ಅವರು ಪೇಟೆಗೆ ಬಂದಾಗ "ಡಾಕ್ಟರ್ ಕೊಡಿ" ಅಂತ ಬಿಟ್ಟು ಬೇರೆ ಕೇಳಿ ನೋಡಿ: ಮಕ್ಕಳ ಡಾಕ್ಟರ್ ಎರಡು ಪೋಸ್ಟ್ ಯಾವಾಗ, ರಾತ್ರಿ ಪಾಳಿಗೆ ನರ್ಸ್ ಎಷ್ಟು ಜನ, ಅವರಿಗೆ ಕ್ವಾರ್ಟರ್ಸ್ ಎಲ್ಲಿ?