ಅಪಾಯದ ಅಂಕಿ ಜಾತಕವಲ್ಲ, ಪ್ರಮಾಣಪತ್ರವೂ ಅಲ್ಲ

ಸಾಂಬ್ರಾದ ನನ್ನ ಮನೆಗೆ ಬರುವ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಐವತ್ತು ದಾಟಿದವರು. ಹಿಂದೆ ಅಂಕಪಟ್ಟಿ ಹಿಡಿದು ಬರುತ್ತಿದ್ದವರು ಇಂದು ರಕ್ತಪರೀಕ್ಷೆಯ ವರದಿ ಹಿಡಿದು ಬರುತ್ತಾರೆ. "ಸರ್, ಹೃದಯದ ಅಪಾಯ ಹನ್ನೆರಡು ಪರ್ಸೆಂಟ್ ಅಂತ ಬಂದಿದೆ, ಗತಿಯೇನು?" ಎಂದು ಒಬ್ಬ ಕೇಳುತ್ತಾನೆ. "ನನ್ನದು ಎಲ್ಲ ನಾರ್ಮಲ್ ಸರ್" ಎಂದು ಇನ್ನೊಬ್ಬ ಬೀಗುತ್ತಾನೆ. ನಾನು ವೈದ್ಯನಲ್ಲ, ಗಣಿತ ಕಲಿಸಿದ ಮಾಸ್ತರ. ಆದರೆ ಈ ಇಬ್ಬರೂ ಮಾಡುತ್ತಿರುವ ತಪ್ಪು ವೈದ್ಯಶಾಸ್ತ್ರದ್ದಲ್ಲ, ಗಣಿತದ್ದು. ಆದ್ದರಿಂದ ಬಾಯಿ ಬಿಡುವ ಅಧಿಕಾರ ನನಗಿದೆ ಎಂದು ಭಾವಿಸುತ್ತೇನೆ.

ಮೊದಲು ನನ್ನದೇ ಒಂದು ಪಾಪವನ್ನು ಒಪ್ಪಿಕೊಳ್ಳುತ್ತೇನೆ. ಎಸ್ಸೆಸ್ಸೆಲ್ಸಿಯ ಪೂರ್ವಸಿದ್ಧತಾ ಪರೀಕ್ಷೆಯ ಅಂಕಗಳನ್ನು ನೋಡಿ, ಅಂತಿಮ ಪರೀಕ್ಷೆಯಲ್ಲಿ ನಪಾಸಾಗಬಹುದಾದವರ ಪಟ್ಟಿಯನ್ನು ನಾವು ತಯಾರಿಸುತ್ತಿದ್ದೆವು. ಒಂದು ವರ್ಷ ನಾನು ಹನ್ನೆರಡು ಹೆಸರು ಬರೆದು ಫಲಕಕ್ಕೆ ಅಂಟಿಸಿದೆ. ಅವರಲ್ಲಿ ಎಂಟು ಮಂದಿ ನಪಾಸಾದರು, ನಾಲ್ವರು ಪಾಸಾದರು. ಒಟ್ಟಿನಲ್ಲಿ ನನ್ನ ಅಂದಾಜು ಕೆಟ್ಟದ್ದೇನಲ್ಲ. ಆದರೆ ಆ ಎಂಟರಲ್ಲಿ ಒಬ್ಬ ಹುಡುಗ ಫಲಕದಲ್ಲಿ ತನ್ನ ಹೆಸರು ಕಂಡ ದಿನದಿಂದ ಶಾಲೆಗೇ ಬರಲಿಲ್ಲ. ಅಂದಾಜನ್ನು ನಾನು ತೀರ್ಪಿನಂತೆ ಅಂಟಿಸಿದ್ದೆ, ಅವನು ಅದನ್ನು ತೀರ್ಪೆಂದೇ ಓದಿದ. ಮರುವರ್ಷದಿಂದ ಪಟ್ಟಿ ಫಲಕಕ್ಕೆ ಹೋಗಲಿಲ್ಲ. ಅದರಲ್ಲಿದ್ದವರಿಗೆ ಬೆಳಗಿನ ವಿಶೇಷ ತರಗತಿ ಆರಂಭಿಸಿದೆವು. ಪಟ್ಟಿಯ ಸದುಪಯೋಗ ಅದೊಂದೇ ಎಂದು ತಿಳಿಯಲು ನನಗೆ ಒಬ್ಬ ಹುಡುಗನ ಭವಿಷ್ಯ ಬಲಿಯಾಗಬೇಕಾಯಿತು.

ಹೃದಯಾಘಾತ ಮತ್ತು ಲಕ್ವಾದ ಅಪಾಯವನ್ನು ಲೆಕ್ಕ ಹಾಕುವ ಪಟ್ಟಿಗಳೂ ಇಂಥವೇ. ಇವುಗಳ ಮೂಲ ಅಮೆರಿಕದ ಫ್ರೆಮಿಂಗ್‌ಹ್ಯಾಮ್ ಎಂಬ ಊರು. ಅಲ್ಲಿ 1948ರಲ್ಲಿ 5,209 ಮಂದಿಯನ್ನು ಆರಿಸಿ, ಅವರ ರಕ್ತದೊತ್ತಡ, ಕೊಲೆಸ್ಟರಾಲ್, ಧೂಮಪಾನಗಳನ್ನು ಬರೆದಿಟ್ಟುಕೊಂಡು, ಯಾರಿಗೆ ಕಾಯಿಲೆ ಬಂತು, ಯಾರಿಗೆ ಬರಲಿಲ್ಲ ಎಂದು ದಶಕಗಳ ಕಾಲ ನೋಡುತ್ತ ಬಂದರು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಜಗತ್ತನ್ನು 21 ವಲಯಗಳಾಗಿ ವಿಂಗಡಿಸಿ ಪರಿಷ್ಕೃತ ಪಟ್ಟಿಗಳನ್ನು ಹೊರತಂದಿತು. ಭಾರತ ದಕ್ಷಿಣ ಏಷ್ಯಾ ವಲಯದಲ್ಲಿದೆ. ವಯಸ್ಸು, ಲಿಂಗ, ಧೂಮಪಾನ, ಮೇಲಿನ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್ ಇವಿಷ್ಟನ್ನು ಹೊಂದಿಸಿದರೆ ಮುಂದಿನ ಹತ್ತು ವರ್ಷಗಳ ಅಪಾಯ ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಕಾಣುತ್ತದೆ. ರಕ್ತಪರೀಕ್ಷೆಯ ಅನುಕೂಲವಿಲ್ಲದ ಕಡೆ ಎತ್ತರ ಮತ್ತು ತೂಕದಿಂದಲೇ ಲೆಕ್ಕ ಹಾಕುವ ಇನ್ನೊಂದು ಪಟ್ಟಿಯೂ ಇದೆ. ಅದಕ್ಕೆ ಬೇಕಾದುದು ಒಂದು ತಕ್ಕಡಿ, ಒಂದು ಅಳತೆಪಟ್ಟಿ, ಒಂದು ಬಿ.ಪಿ. ಯಂತ್ರ, ಇಷ್ಟೇ.

ನಾನು ನನ್ನದನ್ನು ಹೊಂದಿಸಿ ನೋಡಿದೆ. ಕಿತ್ತಳೆ ಬಂತು, ಎಂದರೆ ನೂರಕ್ಕೆ ಹತ್ತರಿಂದ ಇಪ್ಪತ್ತರೊಳಗೆ. ನನ್ನಂಥ ನೂರು ಮುದುಕರನ್ನು ಸಾಲಾಗಿ ನಿಲ್ಲಿಸಿದರೆ ಹತ್ತು ವರ್ಷಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿಗೆ ಹೃದಯಾಘಾತವೋ ಲಕ್ವಾವೋ ಬಂದೀತು, ಎಂಬತ್ತಕ್ಕೂ ಹೆಚ್ಚು ಮಂದಿಗೆ ಬಾರದು. ಸಾಲಿನಲ್ಲಿ ನಾನು ಯಾವ ಕಡೆ ನಿಂತಿದ್ದೇನೆ? ಪಟ್ಟಿಗೆ ಅದು ಗೊತ್ತಿಲ್ಲ. ಗೊತ್ತಿದೆ ಎನ್ನುವವನು ಜೋಯಿಸ, ವೈದ್ಯನಲ್ಲ.

ವೃದ್ಧರ ವಿಷಯದಲ್ಲಿ ಇನ್ನೂ ಎರಡು ಮಾತುಗಳಿವೆ. ಮೊದಲನೆಯದು, ವಯಸ್ಸೇ ಅಂಕಿಯನ್ನು ಏರಿಸುತ್ತದೆ. ಎಪ್ಪತ್ತು ದಾಟಿದವನು ಎಷ್ಟೇ ಶಿಸ್ತಿನಿಂದಿದ್ದರೂ ಹಸಿರಿಗೆ ಮರಳುವುದು ಕಷ್ಟ. ಅದಕ್ಕಾಗಿ ಗಾಬರಿಪಡುವುದು ಕೂದಲು ನರೆತದ್ದಕ್ಕೆ ಅತ್ತಂತೆ. ಎರಡನೆಯದು, ಈ ಪಟ್ಟಿ 74 ವರ್ಷಕ್ಕೆ ಮುಗಿಯುತ್ತದೆ. ಅದರಾಚೆಯವರಿಗೆ ಅದರಲ್ಲಿ ಮನೆಯೇ ಇಲ್ಲ. ಯುರೋಪಿನವರು 2021ರಲ್ಲಿ ಎಪ್ಪತ್ತು ದಾಟಿದವರಿಗೆಂದೇ ಬೇರೆ ಲೆಕ್ಕ ಮಾಡಿಕೊಂಡರು. ನಮ್ಮಲ್ಲಿ 45 ದಾಟಿದವರೂ ಅವರ ಸಂಗಾತಿಗಳೂ ಸೇರಿ 72,000ಕ್ಕೂ ಹೆಚ್ಚು ಜನರ 'ಲಾಸಿ' ಸಮೀಕ್ಷೆಯ ಮೊದಲ ಸುತ್ತು ನಡೆದದ್ದು 2017-18ರಲ್ಲಿ. ಇಂಥವರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಮೇಲಷ್ಟೇ ನಮ್ಮ ಮುದುಕರ ಲೆಕ್ಕ ನಮ್ಮ ನೆಲದಿಂದ ಬಂದೀತು.

ಈಗ ನನ್ನ ಸಿಟ್ಟಿನ ಕಾರಣಕ್ಕೆ ಬರುತ್ತೇನೆ. ಖಾನಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ ನನ್ನ ಅಕ್ಕನ ಮನೆ. ಭಾವನವರಿಗೆ ಆಗ 71 ವರ್ಷ, ಬಿ.ಪಿ.ಗೆ ದಿನವೂ ಒಂದು ಗುಳಿಗೆ ನುಂಗುತ್ತಿದ್ದರು. ಪುಣೆಯಲ್ಲಿರುವ ಮಗ 2023ರಲ್ಲಿ ಪ್ರೀತಿಯಿಂದಲೇ ಅವರಿಗೆ ನಗರದ ಒಂದು ಕಡೆ 'ಪೂರ್ಣದೇಹ ತಪಾಸಣೆ'ಯ ಪ್ಯಾಕೇಜ್ ಮಾಡಿಸಿದ. ಬಣ್ಣದ ಹೊದಿಕೆಯ ವರದಿ ಬಂತು. ಇ.ಸಿ.ಜಿ. ನಾರ್ಮಲ್. ಬಿ.ಪಿ. ಮಾತ್ರ ಗುಳಿಗೆ ನುಂಗಿಯೂ 158 ಇತ್ತು. ಆ ಸಾಲಿನತ್ತ ಯಾರೂ ಬೆರಳಿಟ್ಟು ತೋರಿಸಲಿಲ್ಲ. "ನೋಡ್ರಿ ಮಾಸ್ತರ, ಎಲ್ಲಾ ನಾರ್ಮಲ್ ಬಂದೈತಿ. ಇನ್ನ ಆ ಗುಳಿಗಿ ಯಾಕ್ರಿ?" ಎಂದು ಭಾವನವರು ನಗುತ್ತ ಕೇಳಿದರು. ನಾನೂ ನಕ್ಕು ಸುಮ್ಮನಾದೆ. ನಾಲ್ಕು ತಿಂಗಳ ನಂತರ ಒಂದು ಬೆಳಗಿನ ಜಾವ ಅವರ ಬಾಯಿ ಸೊಟ್ಟಗಾಯಿತು, ಬಲಗೈ ಬಿದ್ದುಹೋಯಿತು. ವಾಯು ಎಂದು ಎಣ್ಣೆ ತಿಕ್ಕುತ್ತ ಮಧ್ಯಾಹ್ನದವರೆಗೆ ಕಾಲ ಕಳೆದರು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಆ ಹೊತ್ತು ಮೀರಿತ್ತು. ಇಂದು ಅಕ್ಕ ಅವರಿಗೆ ಅನ್ನ ಕಲಸಿ ಬಾಯಿಗಿಡುತ್ತಾಳೆ.

ಇ.ಸಿ.ಜಿ. ಸುಳ್ಳು ಹೇಳಿತೇ? ಇಲ್ಲ. ಅದು ಆ ಕ್ಷಣದ ಹೃದಯದ ಬಡಿತವನ್ನು ಬರೆದಿತು, ಅಷ್ಟೇ. ರಕ್ತನಾಳ ಕಟ್ಟಿಕೊಳ್ಳುತ್ತಿದ್ದರೂ ವಿಶ್ರಾಂತಿಯಲ್ಲಿ ತೆಗೆದ ಇ.ಸಿ.ಜಿ. ಸರಿಯಾಗಿಯೇ ಕಾಣಬಹುದು. ಲಕ್ವಾಕ್ಕೆ ಒಂದು ಕಾರಣವಾದ ಅನಿಯಮಿತ ಬಡಿತ ಬಂದುಹೋಗುತ್ತಿದ್ದರೆ ಅದೂ ಆ ಹೊತ್ತಿನಲ್ಲಿ ಸಿಗದಿರಬಹುದು. ಮುಂದಿನ ಹತ್ತು ವರ್ಷದ ಮಾತು ಹೇಳುತ್ತಿದ್ದುದು ಆ 158 ಎಂಬ ಅಂಕಿ. ವರದಿಯಲ್ಲಿ ಅತ್ಯಂತ ಅಗ್ಗದ್ದೂ ಅದೇ, ಅತ್ಯಂತ ಮುಖ್ಯವಾದದ್ದೂ ಅದೇ.

"ಪರೀಕ್ಷೆ ಮಾಡಿಸಿದರೆ ನಷ್ಟವೇನು ಸರ್, ತಿಳಿದುಕೊಳ್ಳುವುದು ಒಳ್ಳೆಯದಲ್ಲವೇ?" ಎನ್ನುವವರಿದ್ದಾರೆ. ತಿಳಿದು ಏನನ್ನಾದರೂ ಮಾಡುವುದಿದ್ದರೆ ಒಳ್ಳೆಯದೇ. 2025ರಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಹಬ್ಬಿದಾಗ ಜಯದೇವ ಆಸ್ಪತ್ರೆಗಳ ಮುಂದೆ ನಸುಕಿನಲ್ಲೇ ಜನ ಸಾಲು ನಿಂತರು. ಸರ್ಕಾರದ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ಅವುಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದವೇ ಅಲ್ಲ, ಅಸಹಜ ಏರಿಕೆಯೂ ಕಾಣಲಿಲ್ಲ. ಉಳಿದವುಗಳಲ್ಲಿ ಎದ್ದು ಕಂಡದ್ದು ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕು, ಮದ್ಯ ಎಂಬ ಹಳೆಯ ಪರಿಚಿತರೇ. ಸಾಲಿನಲ್ಲಿ ನಿಂತವರಲ್ಲಿ ಎಷ್ಟು ಮಂದಿ ಮನೆಗೆ ಹೋಗಿ ಬೀಡಿ ಬಿಟ್ಟರು? ನನಗೆ ಕಾಡುವ ಪ್ರಶ್ನೆ ಅದು.

ಇನ್ನು ಹಣೆಬರಹದವರು. "ವಯಸ್ಸಾಯಿತು, ಇನ್ನೇನು ಗುಳಿಗೆ" ಎನ್ನುವ ನನ್ನ ಓರಗೆಯವರಿಗೆ ಒಂದು ಮಾತು. ಎಂಬತ್ತು ದಾಟಿದ, ಮೇಲಿನ ರಕ್ತದೊತ್ತಡ 160ಕ್ಕೆ ಕಡಿಮೆಯಿಲ್ಲದ 3,845 ಜನರ ಮೇಲೆ ನಡೆದ 'ಹೈವೆಟ್' ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಗುಳಿಗೆ ಪಡೆದವರಲ್ಲಿ ಸಾವುಗಳು ಸುಮಾರು ಐದನೆಯ ಒಂದು ಭಾಗದಷ್ಟು ಕಡಿಮೆಯಾದವು. ಹೃದಯ ವೈಫಲ್ಯ ಅರ್ಧಕ್ಕಿಂತಲೂ ಹೆಚ್ಚು ತಗ್ಗಿತು. ಎಂಬತ್ತಕ್ಕೂ ತಡವಾಗಿಲ್ಲ. ಹಾಗೆಂದು ನೆರೆಯವರು ನುಂಗುತ್ತಾರೆಂದು ನೀವೂ ಆಸ್ಪಿರಿನ್ ನುಂಗಬೇಡಿ. ಬಹುಪಾಲು 70 ದಾಟಿದ, ಆರೋಗ್ಯವಂತರಾದ 19,114 ಜನರ 'ಆಸ್ಪ್ರೀ' ಅಧ್ಯಯನದಲ್ಲಿ (2018) ಅದರಿಂದ ಹೃದ್ರೋಗ ಗಣನೀಯವಾಗಿ ತಗ್ಗಲಿಲ್ಲ, ರಕ್ತಸ್ರಾವ ಹೆಚ್ಚಿತು. ಈಗಾಗಲೇ ಹೃದಯಾಘಾತವಾಗಿ ವೈದ್ಯರು ಅದನ್ನು ಬರೆದುಕೊಟ್ಟವರ ಮಾತು ಬೇರೆ. ಅವರು ತಾವಾಗಿ ನಿಲ್ಲಿಸಕೂಡದು.

ನನ್ನ ಬೇಡಿಕೆ ಸಣ್ಣದು. ಆಶಾ ಕಾರ್ಯಕರ್ತೆ ಮನೆಗೆ ಬಂದು ವಯಸ್ಸು, ತಂಬಾಕು, ಸೊಂಟದ ಸುತ್ತಳತೆ ಕೇಳಿ ಅಂಕ ಬರೆದುಕೊಂಡಾಗ ಅವಳನ್ನು ಬಾಗಿಲಲ್ಲೇ ಸಾಗಹಾಕಬೇಡಿ. ಅವಳ ಕೈಯಲ್ಲಿರುವುದು ನಮ್ಮ ಬೆಳಗಿನ ತರಗತಿಯ ಪಟ್ಟಿ. ಊರಲ್ಲಿರುವ ತಂದೆತಾಯಿಗೆ ಪ್ಯಾಕೇಜ್ ಉಡುಗೊರೆ ಕೊಡುವ ಮಕ್ಕಳೇ, ಆ ಹಣದಲ್ಲಿ ಒಂದು ಬಿ.ಪಿ. ಯಂತ್ರ ಕೊಳ್ಳಿರಿ. ವಾರಕ್ಕೊಮ್ಮೆ ಫೋನ್ ಮಾಡಿದಾಗ "ಊಟ ಆಯ್ತಾ?" ಎಂದು ಕೇಳುವಂತೆ "ಬಿ.ಪಿ. ಎಷ್ಟು? ಗುಳಿಗೆ ಇದೆಯಾ?" ಎಂದೂ ಕೇಳಿರಿ. ಊರಿನ ಆರೋಗ್ಯ ಕೇಂದ್ರದಲ್ಲಿ ಗುಳಿಗೆ ಮುಗಿದಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿರಿ. ಬಾಯಿ ಸೊಟ್ಟಗಾದರೆ, ಕೈ ಬಿದ್ದರೆ, ಮಾತು ತೊದಲಿದರೆ ಎಣ್ಣೆ ಹುಡುಕದೆ 108ಕ್ಕೆ ಕರೆ ಮಾಡಿರಿ.

ಭಾವನವರು ಗುಳಿಗೆ ಯಾಕೆಂದು ಕೇಳಿದ ದಿನ ನಾನು ನಕ್ಕು ಸುಮ್ಮನಾಗಬಾರದಿತ್ತು. ಫಲಕಕ್ಕೆ ಪಟ್ಟಿ ಅಂಟಿಸಿದ್ದು ನನ್ನ ಮೊದಲ ತಪ್ಪು, ಆ ನಗೆ ಎರಡನೆಯದು. ಮೂರನೆಯದು ಆಗಬಾರದೆಂದು ಇಷ್ಟು ಬರೆದೆ. ಓದಿದವರು ಇವತ್ತು ಸಂಜೆಯೇ ಮನೆಯ ಹಿರಿಯರ ಬಿ.ಪಿ. ನೋಡಿಸಿ.