ಊರಿನ ಹೆಸರು ಹೊತ್ತ ತಂಡ ಊರಿನದಲ್ಲವೇ?

ಒಂದು ಊರಿನ ಹೆಸರನ್ನು ಎದೆಯ ಮೇಲೆ ಬರೆದುಕೊಂಡು ನಲವತ್ತೊಂದು ವರ್ಷ ಆಡಿದ ತಂಡವನ್ನು ದುಡ್ಡಿದ್ದವರು ಒಂದು ದಿನ ಗಂಟುಮೂಟೆ ಸಮೇತ ಎತ್ತಿಕೊಂಡು ಹೋದರೆ ಅದಕ್ಕೆ ಏನೆನ್ನಬೇಕು? ವ್ಯಾಪಾರ ಎನ್ನುತ್ತಾರೆ ಅಮೆರಿಕದ ಧಣಿಗಳು. ಲೂಟಿ ಎನ್ನುತ್ತೇವೆ ನಾವು!

ಇದು ಸಿಯಾಟಲ್ ಸೂಪರ್‌ಸಾನಿಕ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಕಥೆ. ಹುಟ್ಟಿದ್ದು 1967ರಲ್ಲಿ. ಸಿಯಾಟಲ್ ವಿಮಾನ ಕಟ್ಟುವವರ ಊರು. ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನ ಕಟ್ಟಲು ಬೋಯಿಂಗ್ ಕಂಪನಿ ಆಗ ಹೊರಟಿತ್ತು, ತಂಡದ ಹೆಸರು ಬಂದದ್ದು ಅಲ್ಲಿಂದಲೇ. 1971ರಲ್ಲಿ ಸರ್ಕಾರ ಹಣ ನಿಲ್ಲಿಸಿತು, ವಿಮಾನ ನೆಲ ಬಿಟ್ಟು ಏಳಲೇ ಇಲ್ಲ. ತಂಡ ಮಾತ್ರ ಹಾರಿತು! 1978ರ ಫೈನಲ್‌ನಲ್ಲಿ ವಾಷಿಂಗ್ಟನ್ ಬುಲೆಟ್ಸ್ ಎದುರು ಏಳನೇ ಪಂದ್ಯದಲ್ಲಿ ಸೋತು, ಮರುವರ್ಷ ಅದೇ ಬುಲೆಟ್ಸನ್ನು 4-1ರಿಂದ ಬಗ್ಗುಬಡಿದು ಕಿರೀಟ ತಂದಿತು. ತರಬೇತುದಾರ ಲೆನ್ನಿ ವಿಲ್ಕೆನ್ಸ್ ಹಿಂದೆ ಇದೇ ತಂಡದ ಆಟಗಾರ. 1996ರಲ್ಲಿ ಗ್ಯಾರಿ ಪೇಟನ್, ಶಾನ್ ಕೆಂಪ್ ಸೇರಿ ಮೈಕೆಲ್ ಜೋರ್ಡನ್‌ನಂಥ ಜೋರ್ಡನ್‌ನ ತಂಡದಿಂದಲೇ ಫೈನಲ್‌ನಲ್ಲಿ ಎರಡು ಪಂದ್ಯ ಕಿತ್ತುಕೊಂಡರು.

ಆಮೇಲಿನದು ಧಣಿಗಳ ಆಟ. 2001ರಲ್ಲಿ ತಂಡ ಕೊಂಡವರು ಸ್ಟಾರ್‌ಬಕ್ಸ್ ಕಾಫಿಯ ಹೊವಾರ್ಡ್ ಷುಲ್ಟ್ಜ್. ಊರಿನದೇ ದೊಡ್ಡ ಕುಳ, ತಂಡ ಉಳಿಯಿತೆಂದು ಜನ ನಂಬಿದರು. 2006ರಲ್ಲಿ ಅವರು ಅದನ್ನು 35 ಕೋಟಿ ಡಾಲರಿಗೆ ಒಕ್ಲಹಾಮ ಸಿಟಿಯ ಕ್ಲೇ ಬೆನೆಟ್ ಗುಂಪಿಗೆ ಮಾರಿದರು. ಹೊಸ ಧಣಿಗಳು ಕೇಳಿದ್ದೇನು? 50 ಕೋಟಿ ಡಾಲರಿನ ಹೊಸ ಕ್ರೀಡಾಂಗಣ, ಅದೂ ಬಹುಪಾಲು ಜನರ ತೆರಿಗೆಯಿಂದ! ಹಳೆಯದನ್ನು 1995ರಲ್ಲಷ್ಟೇ ಹೊಸದಾಗಿ ಕಟ್ಟಿಕೊಟ್ಟಾಗಿತ್ತು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ.

ಇಂಥ ದಾನ ಇನ್ನು ಸಾಕೆಂದು ಸಿಯಾಟಲ್‌ನ ಮುಕ್ಕಾಲು ಪಾಲು ಮತದಾರರು 2006ರ ನವೆಂಬರ್‌ನಲ್ಲೇ ಹೇಳಿದ್ದರು. ತಂಡ ಹೋದದ್ದಕ್ಕೆ ಆ ಮತದಾರರನ್ನೇ ದೂರುವವರಿದ್ದಾರೆ. ನಾನು ದೂರಲಾರೆ. ಪ್ರೀತಿ ಇದೆ ಎಂದ ಮಾತ್ರಕ್ಕೆ ಜೇಬು ಬಿಚ್ಚಲೇಬೇಕೆ? ಕೊಂಡವರಿಗೆ ಸಿಯಾಟಲ್‌ನಲ್ಲಿ ಉಳಿಯುವ ಮನಸ್ಸಾದರೂ ಎಲ್ಲಿತ್ತು? ಉಳಿಸಿಕೊಳ್ಳಲು ತಾವು ಕೊಳ್ಳಲಿಲ್ಲವೆಂದು ಪಾಲುದಾರರಲ್ಲೊಬ್ಬರಾದ ಆಬ್ರಿ ಮೆಕ್ಲೆಂಡನ್ 2007ರಲ್ಲಿ ಪತ್ರಿಕೆಯೊಂದಕ್ಕೆ ಬಾಯಿಬಿಟ್ಟರು. ನಿಜ ನುಡಿದ ತಪ್ಪಿಗೆ ಎನ್‌ಬಿಎ ಹಾಕಿದ ದಂಡ ಎರಡೂವರೆ ಲಕ್ಷ ಡಾಲರ್!

ಕ್ರೀಡಾಂಗಣದ ಗುತ್ತಿಗೆ 2010ರವರೆಗೆ ಇತ್ತು. ನಗರಸಭೆ ಕೋರ್ಟಿಗೆ ಹೋಯಿತು. 2008ರ ಜುಲೈ 2, ತೀರ್ಪು ಹೊರಬೀಳಬೇಕಿದ್ದ ದಿನವೇ, 4.5 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ಇದನ್ನು ನಾನು ಕ್ಷಮಿಸಲಾರೆ. ಗೆಲುವೋ ಸೋಲೋ, ತೀರ್ಪು ಕೇಳಬೇಕಿತ್ತು. ಆದರೆ ಒಂದು ಕೆಲಸ ನೆಟ್ಟಗಾಯಿತು: ಹೆಸರು, ಹಸಿರು-ಹೊಂಬಣ್ಣ ಸಿಯಾಟಲ್ ಬಿಟ್ಟು ಹೋಗಕೂಡದೆಂದು ರಾಜಿಯಲ್ಲಿ ಬರೆಸಿಕೊಂಡರು. ಹೋದ ತಂಡ ಥಂಡರ್ ಎಂಬ ಬೇರೆ ಹೆಸರಿಟ್ಟುಕೊಳ್ಳಬೇಕಾಯಿತು. 2025ರಲ್ಲಿ ಅದು ಚಾಂಪಿಯನ್ ಕೂಡ ಆಯಿತು. ಮೆರವಣಿಗೆ ಒಕ್ಲಹಾಮದಲ್ಲಿ.

ಬೆನೆಟ್ ಗುಂಪು ಕೊಂಡದ್ದರಲ್ಲಿ ಸ್ಟಾರ್ಮ್ ಎಂಬ ಮಹಿಳಾ ತಂಡವೂ ಇತ್ತು. ಅದಕ್ಕೆ ಊರಿನ ನಾಲ್ವರು ಹೆಣ್ಣುಮಕ್ಕಳು 2008ರಲ್ಲಿ 1 ಕೋಟಿ ಡಾಲರ್ ಹೊಂದಿಸಿ ಬಿಡಿಸಿಕೊಂಡರು. ಆ ತಂಡ 2010, 2018, 2020ರಲ್ಲಿ ಚಾಂಪಿಯನ್ ಆಯಿತು, ಸಿಯಾಟಲ್ ಹೆಸರಿನಲ್ಲೇ.