ಸದ್ದು, ಸಂಗೀತ ಮತ್ತು ಕೇಳುವವನ ಹಕ್ಕು

2025ನೆಯ ಇಸವಿಯ ಮೇ ತಿಂಗಳಿನಲ್ಲಿ ಗದಗ–ವಾಡಿ ಮಾರ್ಗದ ಪ್ರಯಾಣಿಕರ ರೈಲು ಮೊದಲ ಬಾರಿಗೆ ಕುಷ್ಟಗಿಯನ್ನು ಮುಟ್ಟಿತು. ಊರಿಗೆ ರೈಲು ಬಂದಾಗ ಜನವೂ ಸರಕೂ ಬರುವಂತೆ ಒಂದು ಹೊಸ ಸದ್ದೂ ಬರುತ್ತದೆ. ಯಲಬುರ್ಗಾ, ಕುಷ್ಟಗಿಗಳ ಎರೆ ಮತ್ತು ಮಸಾರಿ ಹೊಲಗಳ ಮೇಲೆ ಗಾಳಿಯ ಸುಯ್ಲು, ಎತ್ತಿನ ಕೊರಳ ಗಂಟೆ, ಬಸ್ಸಿನ ಹಾರ್ನು ಇವುಗಳ ನಡುವೆ ಇಂಜಿನಿನ ಕೂಗೂ ಗಾಲಿಗಳ ತಾಳವೂ ಈಗ ಸೇರಿಕೊಂಡಿವೆ. ಇದು ಬರಿಯ ಸದ್ದೇ, ಅಥವಾ ಸಂಗೀತವಾಗಬಲ್ಲುದೆ? ಪ್ರಶ್ನೆ ವಿನೋದವಾಗಿ ಕಾಣಬಹುದು. ಆದರೆ ಇದೇ ಪ್ರಶ್ನೆಯನ್ನು 1948ರಲ್ಲಿ ಪ್ಯಾರಿಸಿನ ಪಿಯರ್ ಶೆಫರ್ ಎಂಬಾತನು ಗಂಭೀರವಾಗಿ ಕೇಳಿದನು. ಅವನು ಒಂದು ನಿಲ್ದಾಣದಲ್ಲಿ ರೈಲುಗಳ ಸದ್ದನ್ನು ಧ್ವನಿಮುದ್ರಿಸಿ, ಅದನ್ನು ತುಂಡರಿಸಿ, ಮರಳಿ ಜೋಡಿಸಿ ಒಂದು ಸಂಗೀತಕೃತಿಯನ್ನಾಗಿ ಮಾಡಿ ಬಾನುಲಿಯಲ್ಲಿ ಪ್ರಸಾರಮಾಡಿದನು.

ಈ ಮಾರ್ಗದಲ್ಲಿ ಅವನು ಮೊದಲಿಗನೂ ಅಲ್ಲ, ಕೊನೆಯವನೂ ಅಲ್ಲ. 1913ರಲ್ಲಿಯೇ ಇಟಲಿಯ ಚಿತ್ರಕಾರ ಲುಯಿಜಿ ರುಸೊಲೊ ಯಂತ್ರಯುಗದ ಕಿವಿಗೆ ಹಳೆಯ ವಾದ್ಯಗಳು ಸಾಲವೆಂದು ವಾದಿಸಿ, ಗುಡುಗುವ, ಕಿರುಗುಟ್ಟುವ ಹೊಸ ವಾದ್ಯಗಳನ್ನೇ ಕಟ್ಟಿದನು. 1952ರಲ್ಲಿ ಅಮೆರಿಕದ ಜಾನ್ ಕೇಜ್ 4 ನಿಮಿಷ 33 ಸೆಕೆಂಡುಗಳ ಕಾಲ ವಾದಕನು ಏನನ್ನೂ ನುಡಿಸದೆ ಕುಳಿತಿರುವ ಕೃತಿಯನ್ನು ರಚಿಸಿದನು. ಸಭೆಯ ಕೆಮ್ಮು, ಹೊರಗಿನ ಗಾಳಿ, ಮಳೆ ಇವೇ ಅಲ್ಲಿ ಸಂಗೀತ. ಇದಕ್ಕೆ ತದ್ವಿರುದ್ಧವಾಗಿ, ಜಪಾನಿನ ಮಸಾಮಿ ಅಕಿತಾ 1979ರಿಂದ ಈಚೆಗೆ ‘ಮೆರ್ಜ್‌ಬೌ’ ಎಂಬ ಹೆಸರಿನಲ್ಲಿ ಶ್ರುತಿ, ಲಯಗಳೆರಡನ್ನೂ ಬಿಟ್ಟ ಬರಿಯ ಅಬ್ಬರವನ್ನೇ ನೂರಾರು ಮುದ್ರಿಕೆಗಳಲ್ಲಿ ಹೊರತಂದಿದ್ದಾನೆ. ಇಂತಹ ಹೊಸ ಮುದ್ರಿಕೆಗಳು ಇಂದು ಯಲಬುರ್ಗಾದ ವಿದ್ಯಾರ್ಥಿಯೊಬ್ಬನ ಕೈಯ ಫೋನಿಗೂ ಕ್ಷಣದಲ್ಲಿ ಬಂದು ತಲಪುತ್ತವೆ.

ಇದೆಲ್ಲ ಪಶ್ಚಿಮದ ಹುಚ್ಚಾಟವೆಂದು ತಳ್ಳಿಹಾಕುವವರಿಗೆ 2023ರಲ್ಲಿ ಬಿಡುಗಡೆಯಾದ ಒಂದು ಸಂಗ್ರಹವು ಉತ್ತರ ಹೇಳುತ್ತದೆ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ವಿದ್ಯುನ್ಮಾನ ಸಂಗೀತದ ಒಂದು ಸ್ಟುಡಿಯೋ ಸ್ಥಾಪಿತವಾಯಿತು. ಅದಕ್ಕೆ ನೆರವಾದವನು ಡೇವಿಡ್ ಟ್ಯೂಡರ್. ಕೇಜನ ಮೌನದ ಕೃತಿಯನ್ನು ಮೊದಲು ವೇದಿಕೆಯ ಮೇಲೆ ತಂದ ಪಿಯಾನೋವಾದಕನೇ ಅವನು. ಗೀತಾ ಸಾರಾಭಾಯಿ, ಐ. ಎಸ್. ಮಾಥುರ್, ಅತುಲ್ ದೇಸಾಯಿ, ಎಸ್. ಸಿ. ಶರ್ಮಾ, ಜಿನರಾಜ ಜೋಶಿಪುರ ಮೊದಲಾದವರು ಅಲ್ಲಿ ಯಂತ್ರದಿಂದ ನಾದವನ್ನು ಹುಟ್ಟಿಸಲು ಯತ್ನಿಸಿದರು. ಬಹುಕಾಲ ಯಾರ ಗಮನಕ್ಕೂ ಬಾರದೆ ಉಳಿದಿದ್ದ ಆ ಸುರುಳಿಗಳನ್ನು ಸಂಗೀತಗಾರ ಪಾಲ್ ಪುರ್ಗಸ್ ಹುಡುಕಿ ತೆಗೆದ ಬಳಿಕ ಅವು ನಮಗೆ ದೊರೆತಿವೆ. ಇನ್ನೊಂದು ಸಂಗತಿ: 1946ರಲ್ಲಿ ನ್ಯೂಯಾರ್ಕಿನಲ್ಲಿ ಕೇಜನಿಗೆ ಭಾರತೀಯ ಸಂಗೀತದ ತತ್ವವನ್ನು ಹೇಳಿಕೊಟ್ಟವರು ಇದೇ ಗೀತಾ ಸಾರಾಭಾಯಿ. ಆದುದರಿಂದ ಈ ಸಾಲವು ಒಂದೇ ಕಡೆಯದಲ್ಲ.

ಈ ಮುದ್ರಿಕೆಗಳನ್ನು ಕೇಳುವುದು ಸುಲಭವೆಂದು ಯಾರೂ ಹೇಳಲಾರರು. ರಾಗವನ್ನು ನಿರೀಕ್ಷಿಸಿ ಕುಳಿತ ಕಿವಿಗೆ ಮೊದಲು ಕೇಳಿಬರುವುದು ಗೊರಗೊರ, ಸಿಳ್ಳು, ಗುಡುಗು. ಸಹನೆಯಿಂದಿದ್ದರೆ ಆ ರಾಶಿಯೊಳಗಿನ ಪದರಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ; ಒಂದು ಸದ್ದು ದೂರ ಸರಿಯುತ್ತದೆ, ಇನ್ನೊಂದು ಹತ್ತಿರವಾಗುತ್ತದೆ. ಗಂಗಾವತಿಯಲ್ಲಿ ಅಕ್ಕಿಗಿರಣಿಯ ಪಕ್ಕದಲ್ಲಿ ಬಾಳಿದವನಿಗೆ ಇದು ಹೊಸ ವಿದ್ಯೆಯಲ್ಲ. ಬೆಲ್ಟು ಸಡಿಲವಾದುದನ್ನು, ಭತ್ತ ಮುಗಿದು ಯಂತ್ರ ಬರಿದೇ ತಿರುಗುವುದನ್ನು ಅವನು ಕಣ್ಣು ಮುಚ್ಚಿಯೂ ಹೇಳಬಲ್ಲ. ಗದ್ದಲದೊಳಗೆ ಅರ್ಥವನ್ನು ಹುಡುಕುವ ಕಿವಿ ಅವನಲ್ಲಿ ಆಗಲೇ ಸಿದ್ಧವಾಗಿದೆ.

ಈ ಸೀಮೆಗೆ ಇದು ಇನ್ನೂ ಹಳೆಯ ವಿದ್ಯೆಯಾಗಿರಬಹುದು. ಗಂಗಾವತಿಯ ಪಶ್ಚಿಮಕ್ಕೆ ಸುಮಾರು 10 ಕಿ.ಮೀ. ದೂರದ ಹಿರೇಬೆಣಕಲ್ಲಿನ ಬೆಟ್ಟದಲ್ಲಿ ಸುಮಾರು 400 ಬೃಹತ್ ಶಿಲಾಸಮಾಧಿಗಳಿವೆ. ಅವುಗಳ ಕಾಲವನ್ನು ಕ್ರಿ.ಪೂ. 800ರಿಂದ ಕ್ರಿ.ಪೂ. 200ರ ವರೆಗೆ ಎಂದು ಎಣಿಸುತ್ತಾರೆ. ಅಲ್ಲಿಯೇ, ಸುಮಾರು 10 ಮೀಟರ್ ಎತ್ತರದ ಬಂಡೆಯ ಮೇಲೆ, 2 ಮೀಟರ್ ಅಗಲದ ಅರ್ಧಗೋಲಾಕಾರದ ಕಲ್ಲೊಂದು ಕುಳಿತಿದೆ. ಮರದ ಕೊಡತಿಯಿಂದ ಹೊಡೆದರೆ ಅದು ನಗಾರಿಯಂತೆ ಮೊಳಗುತ್ತದೆ, ಒಂದು ಕಿ.ಮೀ. ದೂರದವರೆಗೂ ಆ ಮೊಳಗು ಕೇಳುತ್ತದೆನ್ನುತ್ತಾರೆ. ನೆರೆಯ ಬಳ್ಳಾರಿ ಜಿಲ್ಲೆಯ ಕುಪ್ಪಗಲ್ಲಿನ ಗುಡ್ಡದಲ್ಲಿಯೂ ಹೊಡೆದರೆ ಗಂಟೆಯಂತೆ ನುಡಿಯುವ ಕರಿಬಂಡೆಗಳಿವೆ. ಅವುಗಳ ಮೇಲಿನ ಪೆಟ್ಟಿನ ಗುರುತುಗಳನ್ನು ಪರಿಶೀಲಿಸಿದ ನಿಕೋಲ್ ಬೊಯ್ವಿನ್, ನವಶಿಲಾಯುಗದ ಜನ ಅವುಗಳನ್ನು ನುಡಿಸುತ್ತಿದ್ದಿರಬೇಕೆಂದು 2004ರಲ್ಲಿ ಬರೆದರು. ಅದೇ ಸಮಯದಲ್ಲಿ ಕಲ್ಲುಗಣಿಗಾರಿಕೆ ಆ ಗುಡ್ಡವನ್ನು ತಿನ್ನುತ್ತಿರುವ ಸುದ್ದಿಯೂ ಬಂದಿತು. ಮನುಷ್ಯನು ಬರಿಯ ಸದ್ದಿನಲ್ಲಿ ಅರ್ಥವನ್ನು ಕಂಡದ್ದು ಯಂತ್ರ ಬಂದ ಮೇಲಲ್ಲ ಎಂಬುದಕ್ಕೆ ಈ ಕಲ್ಲುಗಳೇ ಸಾಕ್ಷಿ.

ಹಾಗಾದರೆ ಎಲ್ಲ ಗದ್ದಲವೂ ಸಂಗೀತವೇ? ಇಲ್ಲಿಯೇ ವಿವೇಚನೆ ಬೇಕಾಗಿದೆ. ನಮ್ಮ ಜಾತ್ರೆ, ಮದುವೆಗಳ ಕರಡಿಮಜಲು ಮೃದುವಾದ ವಾದ್ಯಮೇಳವಲ್ಲ. ಕರಡಿಯ ಪೆಟ್ಟಿಗೆ ಎದೆ ನಡುಗುತ್ತದೆ. ಆದರೆ ಬಾರಿಸುವವನ ತೋಳಿಗೆ ದಣಿವಿದೆ, ಶಹನಾಯಿ ಊದುವವನಿಗೆ ಉಸಿರು ಬೇಕು. ಆ ದಣಿವೇ ವಾದ್ಯಕ್ಕೆ ಒಂದು ಮಿತಿಯನ್ನು ಹಾಕುತ್ತದೆ. ಇಂದಿನ ಮೆರವಣಿಗೆಗಳ ಡಿ.ಜೆ. ಪೆಟ್ಟಿಗೆಗೆ ದಣಿವೆಂಬುದಿಲ್ಲ. ಡೀಸೆಲ್ ಇರುವ ತನಕ ಅದು ಒಂದೇ ಉಸಿರಿನಲ್ಲಿ ಕೂಗುತ್ತದೆ. ಕಿಟಕಿಯ ಗಾಜು ಅದುರುತ್ತದೆ, ತೊಟ್ಟಿಲ ಕೂಸು ಬೆಚ್ಚುತ್ತದೆ. ಅದರ ಮುಂದೆ ಕುಣಿಯುವ ತರುಣರ ಸಂತೋಷ ಸುಳ್ಳಲ್ಲ. ಅದನ್ನು ಹಳಿಯುವುದೂ ನ್ಯಾಯವಲ್ಲ. ಕುಣಿಯುವವನು ಆ ಸದ್ದನ್ನು ಆರಿಸಿಕೊಂಡಿದ್ದಾನೆ. ಬೀದಿಯ ಮನೆಯಲ್ಲಿ ಮಲಗಿರುವ ರೋಗಿ ಆರಿಸಿಕೊಂಡಿಲ್ಲ.

ಸಂಗೀತಕ್ಕೂ ಗದ್ದಲಕ್ಕೂ ಇರುವ ಭೇದ ಸದ್ದಿನ ಗುಣದಲ್ಲಿಲ್ಲ, ಕೇಳುವವನ ಸಮ್ಮತಿಯಲ್ಲಿದೆ. ಅಕಿತಾನ ಅಬ್ಬರ ಡಿ.ಜೆ.ಗಿಂತ ಕರ್ಕಶವಾಗಿರಬಹುದು, ಆದರೆ ಅದನ್ನು ನಾವು ಬೇಕೆಂದಾಗ ಆರಂಭಿಸಿ ಬೇಡವೆಂದಾಗ ನಿಲ್ಲಿಸಬಲ್ಲೆವು. ಅತಿ ಮಧುರವಾದ ಭಜನೆಯೂ ಬೇಡವೆಂದವನ ಕಿವಿಯೊಳಗೆ ಬಲಾತ್ಕಾರದಿಂದ ನುಗ್ಗಿದರೆ ಗದ್ದಲವೇ ಆಗುತ್ತದೆ. ನಮ್ಮ ಸರ್ವೋಚ್ಚ ನ್ಯಾಯಾಲಯವು 2005ರ ತೀರ್ಪಿನಲ್ಲಿ ಎತ್ತಿಹಿಡಿದದ್ದೂ ಇದನ್ನೇ: ಒಬ್ಬನಿಗೆ ಮಾತನಾಡುವ ಹಕ್ಕಿರುವಂತೆ ಇನ್ನೊಬ್ಬನಿಗೆ ಕೇಳದಿರುವ ಹಕ್ಕೂ ಉಂಟು. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ಇರುಳಿನಲ್ಲಿ 45 ಡೆಸಿಬೆಲ್ ಎಂಬ ಮಿತಿಯನ್ನು ವಿಧಿಸಿವೆ. ರಾತ್ರಿ 10ರಿಂದ ಬೆಳಗಿನ 6ರ ವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ನಿಷೇಧಿಸಿವೆ. ಡೆಸಿಬೆಲ್ಲಿನ ಲೆಕ್ಕದಲ್ಲಿ 10 ಹೆಚ್ಚಿತೆಂದರೆ ಸದ್ದಿನ ಶಕ್ತಿ ಹತ್ತು ಪಟ್ಟಾಯಿತೆಂದು ಅರ್ಥ. 55ರ ಬದಲು 95 ಎಂದರೆ ಅದು ಹತ್ತು ಸಾವಿರ ಪಟ್ಟು! ನಿಯಮ ಕಾಗದದ ಮೇಲಿದೆ. ಅದನ್ನು ಅಳೆಯುವ ಮನಸ್ಸು ಮಾತ್ರ ಗಣೇಶನ ಹಬ್ಬಕ್ಕೆ ಬಂದು ಹಬ್ಬದೊಡನೆ ಹೋಗುತ್ತದೆ.

ಹಬ್ಬದ ಸದ್ದಾದರೂ ಮರುದಿನ ಅಡಗುತ್ತದೆ. ಕಾರ್ಖಾನೆಯ ಸದ್ದು ಅಡಗುವುದಿಲ್ಲ. 2025ರ ಫೆಬ್ರುವರಿಯಲ್ಲಿ ಗವಿಮಠದ ಶ್ರೀ ಗವಿಸಿದ್ಧೇಶ್ವರ ಸ್ವಾಮಿಗಳ ಮುಂದಾಳುತನದಲ್ಲಿ ಕೊಪ್ಪಳದ ಜನ ಪಟ್ಟಣದ ಸಮೀಪದ ಉಕ್ಕಿನ ಕಾರ್ಖಾನೆಯ ವಿಸ್ತರಣೆಯನ್ನು ವಿರೋಧಿಸಿ ಬೀದಿಗಿಳಿದರು. ಹೊಗೆ ಮತ್ತು ಧೂಳಿನ ಮಾತೇ ಅಲ್ಲಿ ಮುಂದಾಗಿದ್ದುದು ಸಹಜ. ಧೂಳು ಒಣಹಾಕಿದ ಬಟ್ಟೆಯ ಮೇಲೆ, ಬೆಳೆಯ ಎಲೆಯ ಮೇಲೆ ಕಣ್ಣಿಗೆ ಕಾಣುತ್ತದೆ. ಸದ್ದು ಹಾಗೆ ಗುರುತು ಬಿಡುವುದಿಲ್ಲ. ಕಿವಿ ಅದಕ್ಕೆ ಒಗ್ಗಿಕೊಳ್ಳುತ್ತದೆ. ಒಗ್ಗುವುದೆಂದರೆ ಬೇರೆ ಸಣ್ಣ ಸದ್ದುಗಳನ್ನು ಕೇಳುವ ಶಕ್ತಿಯನ್ನು ಮೆಲ್ಲನೆ ಕಳೆದುಕೊಳ್ಳುವುದೇ. ಆ ನಷ್ಟ ಯಾವ ವರದಿಯಲ್ಲಿಯೂ ದಾಖಲಾಗುವುದಿಲ್ಲ.

ಆದುದರಿಂದ ಪ್ರಾಯೋಗಿಕ ಸಂಗೀತವನ್ನು ಮೆಚ್ಚಬೇಕೆಂದು ನಾವು ಯಾರನ್ನೂ ಒತ್ತಾಯಿಸುವುದಿಲ್ಲ. ಒತ್ತಾಯಿಸಿದರೆ ನಮ್ಮ ವಾದವೇ ಬಿದ್ದುಹೋಗುತ್ತದೆ. ಅದು ಕಲಿಸುವ ಆಲಿಸುವಿಕೆಯನ್ನು ಮಾತ್ರ ನಮ್ಮ ಅಧ್ಯಾಪಕರು ಬಳಸಿಕೊಳ್ಳಬಹುದು. ವಿದ್ಯಾರ್ಥಿಗಳು ಕೈಯಲ್ಲಿರುವ ಫೋನಿನಿಂದಲೇ ತಮ್ಮ ಊರಿನ ಒಂದು ದಿನದ ಸದ್ದುಗಳನ್ನು ಮುದ್ರಿಸಿ ತರಗತಿಯಲ್ಲಿ ಕುಳಿತು ಕೇಳಲಿ: ಬೆಳಗಿನ ಸಂತೆ, ನಡುಹಗಲಿನ ಗಿರಣಿ, ಸಂಜೆಯ ರೈಲು, ಇರುಳಿನ ಕಾರ್ಖಾನೆ. ಯಾವುದು ಬೇಕಾದದ್ದು, ಯಾವುದು ಹೇರಿದ್ದು, ಯಾವುದು ಕಳೆದುಹೋಗುತ್ತಿದೆ ಎಂಬುದನ್ನು ಅವರೇ ಗುರುತಿಸುವರು. ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು. ನುಡಿಯ ತಿರುಳನ್ನು ತೂಗಬಲ್ಲ ಕಿವಿಗಳಿದ್ದ ಸೀಮೆಗೆ ಈ ಅಭ್ಯಾಸ ಭಾರವಾಗಲಾರದು.

ಹಿರೇಬೆಣಕಲ್ 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯನ್ನು ಸೇರಿತು. ಅಲ್ಲಿಯ ಕಲ್ಲುಗಳನ್ನು ಕಾಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ನಗಾರಿ ಒಂದು ಕಿ.ಮೀ. ದೂರಕ್ಕೆ ಕೇಳಬೇಕಾದರೆ ಆ ಒಂದು ಕಿ.ಮೀ.ಯಷ್ಟು ನಿಶ್ಶಬ್ದವೂ ಉಳಿದಿರಬೇಕು. ಕಲ್ಲನ್ನು ಉಳಿಸಿ ನಿಶ್ಶಬ್ದವನ್ನು ಕಳೆದುಕೊಂಡರೆ ನಮ್ಮ ಮಕ್ಕಳಿಗೆ ಬರಿಯ ಬಂಡೆ ದೊರೆತೀತು, ನಗಾರಿ ದೊರೆಯದು.